ನಾಲ್ಕು ಪಾಯಿಂಟ್ ಐದು ತಿಂಗಳ ಕಡಸು

ಹಾಲಿನ ಸಂಘದಲ್ಲಿ ಇಪ್ಪತ್ತೆರಡು ವರ್ಷ ಕೂತು ಫ್ಯಾಟ್ ಅಳೆದವನಿಗೆ ಲೋಕದಲ್ಲಿ ಪೂರ್ಣ ಸಂಖ್ಯೆ ಎನ್ನುವುದು ಕಾಣಿಸುವುದೇ ಇಲ್ಲ. ಹಾಲು ತಂದವರಿಗೆ ಆರು ಪಾಯಿಂಟ್ ನಾಲ್ಕು, ಮೂರು ಪಾಯಿಂಟ್ ಒಂಬತ್ತು ಎಂದು ಹೇಳಿ ಹೇಳಿ ಅವನ ನಾಲಿಗೆಯೇ ಹಾಗೆ ತಿರುಗಿಬಿಟ್ಟಿತ್ತು. ಜ್ವರ ಬಂದು ಎಷ್ಟು ದಿನವಾಯಿತು ಎಂದರೆ ಎರಡು ಪಾಯಿಂಟ್ ಏಳು ಎನ್ನುತ್ತಿದ್ದ. ಬಸ್ ನಿಲ್ದಾಣ ಎಷ್ಟು ದೂರ ಎಂದು ದಾರಿಹೋಕರು ಕೇಳಿದರೆ ಒಂದು ಪಾಯಿಂಟ್ ಮೂರು ಎನ್ನುತ್ತಿದ್ದ. ಹೀಗಾಗಿ ಅವನ ಹೆತ್ತವರು ಇಟ್ಟ ಹೆಸರು ಸಂಬಳದ ಪುಸ್ತಕದಲ್ಲಿ ಮಾತ್ರ ಉಳಿದು, ಬೀದಿಗೆಲ್ಲ ಅವನು ಪಾಯಿಂಟಣ್ಣನಾಗಿದ್ದ.

ಈ ಚಾಳಿಯಿಂದ ಒಂದು ಲಾಭವಿತ್ತು. ‘ಸುಮಾರು ಮೂರು’ ಎಂದವನ ಜೊತೆ ಜನ ವಾದಕ್ಕೆ ನಿಲ್ಲುತ್ತಾರೆ. ‘ಮೂರು ಪಾಯಿಂಟ್ ಎರಡು’ ಎಂದವನನ್ನು ಪ್ರಶ್ನಿಸುವ ಧೈರ್ಯ ಯಾರಿಗೂ ಬರುವುದಿಲ್ಲ. ಇಷ್ಟು ಖಚಿತವಾಗಿ ಹೇಳಬೇಕಾದರೆ ಅವನಿಗೆ ಏನೋ ಗೊತ್ತಿರಲೇಬೇಕು ಎಂದು ಸುಮ್ಮನಾಗುತ್ತಾರೆ. ಪಾಯಿಂಟಣ್ಣನಿಗೂ ಬರಬರುತ್ತಾ ತನಗೆ ಏನೋ ಗೊತ್ತಿದೆ ಎಂದೇ ಅನಿಸತೊಡಗಿತ್ತು.

ಮನೆಯ ಹಿತ್ತಿಲಿನಲ್ಲಿ ಒಂದು ಎಮ್ಮೆ ಕಡಸು ಇತ್ತು. ಅದು ಅವನದಲ್ಲ, ಹೆಂಡತಿಯದು. ಅವಳ ತಾಯಿ ಒಂದು ಎಳೆಗರುವನ್ನು ಹಗ್ಗಸಮೇತ ಕೈಗಿತ್ತು, ‘ಇದು ನಿಂದು, ಮನೆಯದಲ್ಲ’ ಎಂದು ಬಿಡಿಸಿ ಹೇಳಿ ಹೋಗಿದ್ದರು. ಅದರ ಹಿಂದೆ ಒಂದು ಆಸೆ ಇತ್ತು. ಸಂಘದ ನಿಯಮದ ಪ್ರಕಾರ ಸ್ವಂತ ಪ್ರಾಣಿಯ ಹಾಲನ್ನು ಸ್ವಂತ ಕೈಯಿಂದ ತಂದು ಹಾಕಿದವರಿಗೆ ಮಾತ್ರ ಸದಸ್ಯತ್ವ. ಬೀದಿಯ ಹೆಂಗಸರೆಲ್ಲ ಹಾಲು ಕರೆದು, ಹೊತ್ತು, ಸಾಲಿನಲ್ಲಿ ನಿಂತು, ಕೊನೆಗೆ ಗಂಡನ ಸದಸ್ಯ ಸಂಖ್ಯೆ ಹೇಳಿ ಬರುತ್ತಿದ್ದರು. ಪಾಯಿಂಟಣ್ಣನ ಹೆಂಡತಿ ಮಾತ್ರ ತಾನು ತನ್ನದೇ ಸಂಖ್ಯೆ ಹೇಳಬೇಕು, ವರ್ಷದ ಸಭೆಯಲ್ಲಿ ಕುರ್ಚಿ ಮೇಲೆ ಕೂತು ಕೈ ಎತ್ತಬೇಕು ಎಂದು ಹದಿನಾರು ವರ್ಷದಿಂದ ಕಾಯುತ್ತಿದ್ದಳು. ಆ ಕಡಸು ಬೆಳೆದು, ಗಬ್ಬವಾಗಿ, ಈದು, ಹಾಲು ಕೊಡುವುದರ ಮೇಲೆ ಅವಳ ಇಡೀ ಲೆಕ್ಕಾಚಾರ ನಿಂತಿತ್ತು.

ಅಲ್ಲಿಯವರೆಗೆ ಎಲ್ಲ ಸರಿಯಾಗಿಯೇ ಇತ್ತು. ಕಡಸು ಹುಲ್ಲು ತಿನ್ನುತ್ತಾ, ಕೆರೆಯಲ್ಲಿ ಬಿದ್ದುಕೊಳ್ಳುತ್ತಾ, ತನ್ನ ಪಾಡಿಗೆ ತಾನು ಬೆಳೆಯುತ್ತಿತ್ತು. ಅಷ್ಟರಲ್ಲಿ ಸಂಘದವರು ಒಂದು ದಿನದ ತರಬೇತಿ ಇಟ್ಟರು. ವಿಷಯ: ಎಳೆಯ ಎಮ್ಮೆ ಕಡಸುಗಳ ಬೆಳವಣಿಗೆಯಲ್ಲಿ ಆಹಾರದ ಶಕ್ತಿಯ ಪಾತ್ರ. ಪಾಠ ಮಾಡಿದವರು ಪಶು ಆಸ್ಪತ್ರೆಯ ಡಾಕ್ಟರಮ್ಮ. ಪಾಯಿಂಟಣ್ಣ ಮುಂದಿನ ಸಾಲಿನಲ್ಲಿ ಕೂತು ಬರೆದುಕೊಂಡ. ಮೇವಿನಲ್ಲಿ ಶಕ್ತಿ ಸಾಲದಿದ್ದರೆ ಕಡಸು ಮೂರೂವರೆ ವರ್ಷವಾದರೂ ಬೆದೆಗೆ ಬರುವುದಿಲ್ಲ, ಗಬ್ಬ ಕಟ್ಟುವುದಿಲ್ಲ. ಬೆದೆ ವಯಸ್ಸಿಗಿಂತ ಮೈತೂಕವನ್ನು ನೋಡಿಕೊಂಡು ಬರುತ್ತದೆ. ಎದೆಯ ಸುತ್ತಳತೆಯನ್ನು ಟೇಪಿನಲ್ಲಿ ಹಿಡಿದರೆ ತೂಕ ತಿಳಿಯುತ್ತದೆ. ಶಕ್ತಿಗೆ ಜೋಳದ ನುಚ್ಚು, ಸಕ್ಕರೆ ಕಾರ್ಖಾನೆಯ ಕಾಕಂಬಿ. ಇಷ್ಟು ಬರೆದುಕೊಳ್ಳುವ ಹೊತ್ತಿಗೆ ಊಟದ ಬಿಡುವು ಕೊಟ್ಟರು. ಊಟ ಮುಗಿಸಿದ ಪಾಯಿಂಟಣ್ಣ ಸಂಜೆಯ ಹಾಲಿಗೆ ಯಂತ್ರ ತೊಳೆಯಬೇಕೆಂದು ಎದ್ದು ಬಂದ. ಊಟದ ನಂತರ ಏನು ಹೇಳಿದರು ಎನ್ನುವುದು ಅವನಿಗೆ ಗೊತ್ತಿರಲಿಲ್ಲ, ಅದು ಗೊತ್ತಿಲ್ಲ ಎನ್ನುವುದೂ ಗೊತ್ತಿರಲಿಲ್ಲ.

ಮರುದಿನದಿಂದ ಹಿತ್ತಿಲಿನ ಆಡಳಿತ ಬದಲಾಯಿತು. ಗೋಡೆಗೆ ಒಂದು ಪಟ್ಟಿ ಅಂಟಿಸಿದ. ಬಕೆಟ್ಟಿನಲ್ಲಿ ನುಚ್ಚು ಬೇಯಿಸಿ, ಮೇಲೆ ಕಾಕಂಬಿ ಸುರಿದು, ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಇಡತೊಡಗಿದ. ಓಡಾಡಿದರೆ ಶಕ್ತಿ ವ್ಯರ್ಥವಾಗುತ್ತದೆ ಎಂದು ಕೆರೆಗೆ ಹೋಗುವುದನ್ನು ನಿಲ್ಲಿಸಿದ. ಹಸಿರು ಹುಲ್ಲು ಹೊಟ್ಟೆ ತುಂಬಿಸುತ್ತದೆಯೇ ಹೊರತು ಶಕ್ತಿ ಕೊಡುವುದಿಲ್ಲ ಎಂದು ಅದನ್ನೂ ಕಡಿಮೆ ಮಾಡಿದ. ಹೆಂಡತಿ ಎರಡು ಸಲ ಅಡ್ಡಿ ಹೇಳಿ, ಮೂರನೆಯ ಸಲ ಅವನು ಟೇಪು ಹಿಡಿದು ವಾರಕ್ಕೆ ಆರು ಪಾಯಿಂಟ್ ಎಂಟು ಕಿಲೋ ಏರಿದೆ ಎಂದು ತೋರಿಸಿದ ಮೇಲೆ ಬಾಯಿ ಮುಚ್ಚಿದಳು. ಕಡಸಿಗಂತೂ ಈ ವಿಜ್ಞಾನ ಬಹಳ ಹಿಡಿಸಿತು. ಪಾಯಿಂಟಣ್ಣನ ಸೈಕಲ್ ಗಂಟೆ ಕೇಳಿದರೆ ಸಾಕು, ನಾಲಿಗೆಯನ್ನು ಮೂಗಿನೊಳಗೆ ಹಾಕಿಕೊಂಡು ಕಾಯುತ್ತಿತ್ತು.

ಟೇಪು ಇನ್ನೂರ ಎಪ್ಪತ್ತೈದು ಕಿಲೋ ತೋರಿಸಿದ ದಿನವೇ ಪಾಯಿಂಟಣ್ಣ ಗಬ್ಬದ ಇಂಜೆಕ್ಷನ್ ಹಾಕುವವನನ್ನು ಕರೆಸಿದ. ಬಂದವನು ಬಾಲ ಎತ್ತಿ ನೋಡಿ, ಇದು ಬೆದೆಗೇ ಬಂದ ಹಾಗಿಲ್ಲವಲ್ಲ ಅಣ್ಣ ಎಂದು ರಾಗ ಎಳೆದ. ಪಾಯಿಂಟಣ್ಣ ಅವನನ್ನು ಪಟ್ಟಿಯ ಮುಂದೆ ನಿಲ್ಲಿಸಿದ. ಅಷ್ಟು ಅಂಕಿಗಳನ್ನು ಒಟ್ಟಿಗೆ ಕಂಡು ಅವನು ಹಾಕಿಬಿಟ್ಟು, ಮೂರು ತಿಂಗಳಿಗೆ ಕರೆಯಿರಿ, ಗಬ್ಬ ನಿಂತಿದೆಯೋ ಇಲ್ಲವೋ ಕೈ ಹಾಕಿ ನೋಡಿ ಹೇಳುತ್ತೇನೆ ಎಂದು ಹೋದ. ಟೇಪು ಇರುವಾಗ ಕೈ ಯಾಕೆ ಎಂದು ಪಾಯಿಂಟಣ್ಣ ಕರೆಯಲೇ ಇಲ್ಲ.

ಪಕ್ಕದ ಮನೆಯಲ್ಲಿ ಬಟ್ಟೆ ಹೊಲಿಯುವ ಅಕ್ಕ ಇದ್ದಳು. ಅವಳ ಹೊಲಿಗೆ ಯಂತ್ರ ಕಿಟಕಿಯ ಬಳಿ, ಕಿಟಕಿ ಪಾಯಿಂಟಣ್ಣನ ಹಿತ್ತಿಲ ಗೋಡೆಯ ಕಡೆಗೆ, ಗೋಡೆ ಸೊಂಟದೆತ್ತರ. ಒಂದು ದಿನ ಅವಳು ದಾರ ಕಚ್ಚುತ್ತಾ ಹೊರಗೆ ನೋಡಿದವಳು ಹಾಗೇ ನಿಂತಳು. ಕಡಸಿನ ಹೊಟ್ಟೆ ಎರಡೂ ಕಡೆ ಉಬ್ಬಿ, ಕೆಚ್ಚಲೂ ದಪ್ಪಗಾಗಿತ್ತು. ಎಷ್ಟು ತಿಂಗಳು ಅಣ್ಣ ಎಂದು ಕೇಳಿದಳು.

ಇಲ್ಲಿ ಒಬ್ಬ ಸಾಮಾನ್ಯ ಮನುಷ್ಯನಾಗಿದ್ದರೆ ಇನ್ನೂ ನೋಡಿಸಿಲ್ಲಮ್ಮ ಎನ್ನುತ್ತಿದ್ದ. ಪಾಯಿಂಟಣ್ಣ ಇಂಜೆಕ್ಷನ್ ಹಾಕಿಸಿದ ತಾರೀಖಿನಿಂದ ಮನಸ್ಸಿನಲ್ಲೇ ಎಣಿಸಿದ.

“ನಾಲ್ಕು ಪಾಯಿಂಟ್ ಐದು” ಅಂದ.

ಅಲ್ಲಿಗೆ ಮುಗಿಯಿತು. ಹೊಲಿಗೆಯ ಅಕ್ಕನ ಬಾಯಿಗೆ ಬಿದ್ದ ಸುದ್ದಿ ಸಂಜೆಯೊಳಗೆ ಚಹಾ ಅಂಗಡಿ ಮುಟ್ಟಿತು. ಎರಡು ವರ್ಷ ತುಂಬದ ಎಮ್ಮೆ ಕಡಸು ಗಬ್ಬವಾಗಿದೆ ಎಂದು ಜನ ಮೂಗಿನ ಮೇಲೆ ಬೆರಳಿಟ್ಟರು. ಚಹಾ ಅಂಗಡಿಯವನು ಈದ ಮೇಲೆ ದಿನಕ್ಕೆ ಎರಡು ಲೀಟರ್ ನನಗೇ ಎಂದು ಈಗಲೇ ಮಾತು ತೆಗೆದುಕೊಂಡ. ಬೇಕರಿಯವನು ನಿನ್ನೆಯ ಬ್ರೆಡ್ಡನ್ನು ಚೀಲದಲ್ಲಿ ಕಳಿಸಿದ, ಎರಡು ಜೀವ ಅಲ್ಲವೇ, ತಿನ್ನಲಿ ಎಂದು. ಎದುರು ಮನೆಯ ಅಜ್ಜಿ ಮಿಕ್ಕ ಅನ್ನ ತಂದಿಟ್ಟಳು. ಕಡಸು ಯಾರ ಮನಸ್ಸನ್ನೂ ನೋಯಿಸಲಿಲ್ಲ, ಎಲ್ಲ ತಿಂದಿತು. ತಿಂದಷ್ಟೂ ಹೊಟ್ಟೆ ಬಂತು, ಹೊಟ್ಟೆ ಬಂದಷ್ಟೂ ಸುದ್ದಿ ಗಟ್ಟಿಯಾಯಿತು. ಹೊಲಿಗೆಯ ಅಕ್ಕ ಚಳಿಗೆಂದು ನೀಲಿ ಬಟ್ಟೆಯ ಒಂದು ಹೊದಿಕೆಯನ್ನೇ ಹೊಲಿದು ತಂದಳು. ಅಳತೆ ತೆಗೆದ ದಿನಕ್ಕೂ ಹೊಲಿದು ಮುಗಿಸಿದ ದಿನಕ್ಕೂ ನಡುವೆ ಎಂಟು ದಿನವಾಗಿದ್ದರಿಂದ ಗುಂಡಿ ಹಾಕಲು ಬರಲಿಲ್ಲ.

ಒಂದು ಬೆಳಿಗ್ಗೆ ಕಡಸು ಬಾಲ ಎತ್ತಿ ಒಂದೇ ಸಮನೆ ಕೂಗಿತು. ಹೆಂಡತಿಗೆ ಅನುಮಾನ ಬಂತು. ಗಬ್ಬವಾದದ್ದು ಹೀಗೆ ಕೂಗುವುದಿಲ್ಲ, ಬೆದೆಗೆ ಬಂದದ್ದು ಕೂಗುತ್ತದೆ, ಒಂದು ಸಲ ಡಾಕ್ಟರಮ್ಮನಿಗೆ ತೋರಿಸೋಣ ಎಂದಳು. ಪಾಯಿಂಟಣ್ಣ ಅದು ಹಸಿವು ಎಂದು ತೀರ್ಮಾನಿಸಿ ಇನ್ನರ್ಧ ಬಕೆಟ್ ಇಟ್ಟ. ಕೂಗು ಮರುದಿನ ನಿಂತಿತು. ನೋಡಿದೆಯಾ ಎಂದು ಹೆಂಡತಿಯ ಕಡೆ ನೋಡಿದ.

ಅತ್ತೆ ಬಂದರು. ಜೀವಮಾನವೆಲ್ಲ ಎಮ್ಮೆಗಳ ನಡುವೆ ಕಳೆದ ಹೆಂಗಸು ಅವರು. ಹಿತ್ತಿಲಿಗೆ ಹೋಗಿ ಕಡಸಿನ ಬೆನ್ನಿನ ಮೇಲೆ ಕೈ ಇಟ್ಟವರು, ಬಾಲದ ಬುಡ ಹಿಂಡಿ ನೋಡಿದರು, ಮತ್ತೆ ಅಳಿಯನ ಮುಖ ನೋಡಿದರು. ಅವರಿಗೆ ಒಂದೇ ಕ್ಷಣದಲ್ಲಿ ಎಲ್ಲ ತಿಳಿಯಿತು. ಆದರೆ ಅಳಿಯನಿಗೆ ಎದುರುಮಾತು ಆಡುವುದನ್ನು ಅವರು ಕಲಿತಿರಲಿಲ್ಲ. ಇಪ್ಪತ್ತಮೂರು ವರ್ಷದಲ್ಲಿ ಅವನಿಗೆ ಅವರು ಹೇಳಿದ ಅತಿ ಕಟುವಾದ ಮಾತೆಂದರೆ ‘ಇನ್ನೊಂಚೂರು ಬಡಿಸಲಾ’ ಎಂಬುದು.

“ಚೆನ್ನಾಗಿ ಮೈ ತುಂಬ್ಕೊಂಡಿದೆ ಅಳಿಯಂದ್ರೆ” ಅಂದರು. ಹಗ್ಗದ ಗಂಟನ್ನು ಸಡಿಲಿಸುತ್ತಾ, “ದಿನಾ ಒಂದು ಸುತ್ತು ನಡೆಸಿದ್ರೆ ಒಳ್ಳೇದಿತ್ತೇನೋ” ಅಂದರು.

ಈ ಸ್ಥಿತಿಯಲ್ಲಿ ನಡೆಸುವುದು ಸರಿಯಲ್ಲ ಅತ್ತೆ ಎಂದು ಪಾಯಿಂಟಣ್ಣ ಅವರಿಗೆ ತಿಳಿಹೇಳಿದ. ಅವರು ತಲೆಯಾಡಿಸಿದರು. ಹೋಗುವಾಗ ಮಗಳ ಕೈ ಹಿಡಿದು ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಅಳಿಯ ಬಸ್ಸಿಗೆ ನಾಲ್ಕು ಪಾಯಿಂಟ್ ಎರಡು ನಿಮಿಷ ಇದೆ ಎಂದು ಚೀಲ ಎತ್ತಿಕೊಂಡ. ಅತ್ತೆಯೇ ಒಪ್ಪಿದರು ಎಂದು ಅವನು ಮರುದಿನ ಹಾಲಿನ ಸಾಲಿಗೆಲ್ಲ ಹೇಳಿದ.

ಸುದ್ದಿ ಈಗ ಸಂಘದ ಅಧ್ಯಕ್ಷರ ಕಿವಿಗೆ ಬಿತ್ತು. ಅಧ್ಯಕ್ಷರಿಗೆ ಅವರದೇ ಒಂದು ತಲೆಬಿಸಿ ಇತ್ತು. ಸಂಘ ತರಿಸಿದ ಪಶು ಆಹಾರದ ಮೂಟೆಗಳು ಗೋದಾಮಿನಲ್ಲಿ ಹಾಗೇ ಕೂತಿದ್ದವು, ವರ್ಷದ ಸಭೆಗೆ ಮೇಲಿನ ಕಚೇರಿಯ ಅಧಿಕಾರಿ ಬರುವವರಿದ್ದರು. ಅವರು ಕಡಸನ್ನು ನೋಡಲು ತಾವೇ ಬಂದು, ಅದರ ಸುತ್ತ ಎರಡು ಸಲ ತಿರುಗಿ, ಮೂಟೆಯ ಮೇಲೆ ಅಚ್ಚು ಹಾಕಿಸಬಹುದಾದ ಪ್ರಾಣಿ ಎಂದು ಮೆಚ್ಚಿದರು. ಸಭೆಯ ದಿನ ಕಡಸನ್ನು ಅಂಗಳದಲ್ಲಿ ನಿಲ್ಲಿಸುವುದು, ಇದು ಸಂಘದ ಆಹಾರದ ಫಲ ಎಂದು ಸಾರುವುದು, ಪಾಯಿಂಟಣ್ಣನಿಂದ ನಾಲ್ಕು ಮಾತು ಆಡಿಸುವುದು ಎಂದಾಯಿತು. ಕಡಸು ಸಂಘದ ಮೂಟೆಯನ್ನು ಒಂದು ಸಲವೂ ಮೂಸಿ ನೋಡಿರಲಿಲ್ಲ ಎಂಬುದು ಬೇರೆ ಮಾತು. ಮಾಲೀಕಳು ಯಾರು ಎಂದು ವಿಚಾರಿಸಿ, ಹೆಂಡತಿಯ ಆಸೆ ತಿಳಿದ ಅಧ್ಯಕ್ಷರು ಉದಾರವಾದರು. ಹಾಲು ಹೇಗೂ ಬಂದೇ ಬರುತ್ತದೆ, ಸದಸ್ಯತ್ವವನ್ನು ವೇದಿಕೆಯ ಮೇಲೇ ಮುಂಗಡ ಕೊಟ್ಟುಬಿಡೋಣ ಎಂದರು.

ಆ ಮಾತು ಕೇಳಿದ ದಿನ ಹೆಂಡತಿಯ ಅನುಮಾನವೆಲ್ಲ ಎಲ್ಲಿ ಹೋಯಿತೋ. ಪೆಟ್ಟಿಗೆಯ ತಳದಿಂದ ಒಳ್ಳೆಯ ಬಟ್ಟೆ ತೆಗೆದು ಬಿಸಿಲಿಗೆ ಹರವಿದಳು. ಅಡುಗೆಮನೆಯಲ್ಲಿ ಒಬ್ಬಳೇ ನಿಂತು ಕೈ ಎತ್ತುವುದನ್ನು ಅಭ್ಯಾಸ ಮಾಡುತ್ತಿದ್ದುದನ್ನು ಪಾಯಿಂಟಣ್ಣ ಬಾಗಿಲ ಸಂದಿಯಿಂದ ನೋಡಿದ. ಅವಳು ಅಷ್ಟು ಖುಷಿಯಾಗಿದ್ದುದನ್ನು ನೋಡಿ ಎಷ್ಟೋ ವರ್ಷವಾಗಿತ್ತು. ಅವನಿಗೆ ತನ್ನ ಮೇಲೇ ಬಹಳ ಪ್ರೀತಿ ಉಕ್ಕಿತು.

ಸಭೆಯ ದಿನ ಸಂಘದ ಅಂಗಳ ತುಂಬಿತ್ತು. ಕಡಸು ನೀಲಿ ಹೊದಿಕೆಯನ್ನು ಗುಂಡಿಯಿಲ್ಲದೆ ಹೊದ್ದು, ಒಬ್ಬರು ಎಳೆದು ಇಬ್ಬರು ತಳ್ಳಿ, ಏದುಸಿರು ಬಿಡುತ್ತಾ ಬಂದು ನಿಂತಿತು. ಅಧ್ಯಕ್ಷರು ಅರ್ಧ ಗಂಟೆ ಮಾತಾಡಿದರು. ಆಮೇಲೆ ಹೆಂಡತಿಯನ್ನು ಕರೆದು ಸದಸ್ಯತ್ವದ ಚೀಟಿ ಕೊಟ್ಟರು. ಇನ್ನೂರ ಹದಿನೇಳು ಎಂದು ಸಂಖ್ಯೆ ಬರೆದಿತ್ತು. ಅವಳು ಅದನ್ನು ಎರಡು ಕೈಯಿಂದ ಹಿಡಿದುಕೊಂಡು ಮೊದಲ ಸಾಲಿನ ಕುರ್ಚಿಯಲ್ಲಿ ಕೂತಳು.

ಅತಿಥಿಯಾಗಿ ಬಂದಿದ್ದ ಡಾಕ್ಟರಮ್ಮ ಆಗಿನಿಂದಲೂ ಕಡಸನ್ನೇ ನೋಡುತ್ತಿದ್ದರು. ಅಧ್ಯಕ್ಷರಿಗೆ ಉತ್ಸಾಹ ತಡೆಯಲಾಗಲಿಲ್ಲ. ಎಲ್ಲರ ಎದುರಿಗೆ ಒಂದು ಸಲ ಪರೀಕ್ಷೆ ಮಾಡಿ, ತಿಂಗಳು ಎಷ್ಟು ಎಂದು ಮೈಕಿನಲ್ಲಿ ಹೇಳಿಬಿಡಿ ಎಂದು ಕೇಳಿಕೊಂಡರು. ಡಾಕ್ಟರಮ್ಮ ಮೊದಲು ಬೇಡ ಎಂದರು, ಅಧಿಕಾರಿಯೂ ಒತ್ತಾಯ ಮಾಡಿದ ಮೇಲೆ ಒಂದು ಬಕೆಟ್ ನೀರು ಕೇಳಿ, ಭುಜದವರೆಗೆ ಬರುವ ಉದ್ದದ ಕೈಗವಸು ಹಾಕಿಕೊಂಡರು. ಪಾಯಿಂಟಣ್ಣ ಮೈಕು ಹಿಡಿದು ಪಕ್ಕದಲ್ಲೇ ನಿಂತ. ಡಾಕ್ಟರಮ್ಮ ಕಣ್ಣು ಮುಚ್ಚಿ ಒಳಗೆ ತಡಕಿದರು, ಇನ್ನೊಂದು ಸಲ ತಡಕಿದರು. ಅವರಿಗೆ ಸಹಾಯವಾಗಲೆಂದು ಪಾಯಿಂಟಣ್ಣ ಬಗ್ಗಿ ಏಳು ಪಾಯಿಂಟ್ ಒಂದು ಎಂದು ಪಿಸುಗುಟ್ಟಿದ. ಮೈಕಿನಿಂದಾಗಿ ಆ ಪಿಸುಮಾತು ಗೇಟಿನವರೆಗೂ ಕೇಳಿಸಿತು.

“ಇದರಲ್ಲಿ ಕರು ಇಲ್ಲ” ಅಂದರು ಡಾಕ್ಟರಮ್ಮ. ಅದೂ ಕೇಳಿಸಿತು.

“ಸರಿಯಾಗಿ ನೋಡಿ ಡಾಕ್ಟ್ರೇ, ಯಾವುದಾದ್ರೂ ಮೂಲೇಲಿ ಇರಬಹುದು.”

“ಮೂಲೆ ಇರೋಕೆ ಇದೇನು ಗೋದಾಮಾ? ಬರೀ ಕೊಬ್ಬು ಇದೆ. ಹೊಟ್ಟೇಲೂ ಕೊಬ್ಬು, ಕೆಚ್ಚಲಲ್ಲೂ ಕೊಬ್ಬು.” ಕೈಗವಸು ಕಳಚುತ್ತಾ ಅವರು ಅವನನ್ನು ದಿಟ್ಟಿಸಿದರು. “ನೀವು ತರಬೇತಿಗೆ ಬಂದಿದ್ರಿ ಅಲ್ವಾ? ಊಟ ಆದ್ಮೇಲೆ ಇದ್ರಾ?”

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಆಮೇಲೆ ಇಡೀ ಅಂಗಳ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಇಪ್ಪತ್ತೆರಡು ವರ್ಷ ತಮ್ಮ ಹಾಲಿನ ಫ್ಯಾಟ್ ಕಡಿಮೆ ಇದೆ ಎಂದು ಮುಖಕ್ಕೆ ಹೇಳಿದವನ ಹಿತ್ತಿಲಿನಲ್ಲೇ ಇಷ್ಟು ಕೊಬ್ಬು ಇತ್ತಲ್ಲ ಎಂಬುದು ಹಾಲು ಹಾಕುವವರಿಗೆ ಹೊಟ್ಟೆ ತಣ್ಣಗಾಗುವ ಸಂಗತಿಯಾಗಿತ್ತು. ಅಧ್ಯಕ್ಷರು ಮಾತ್ರ ತಬ್ಬಿಬ್ಬಾಗಲಿಲ್ಲ. ಮೈಕು ಕಿತ್ತುಕೊಂಡು, ಈ ಕಡಸು ನಮ್ಮ ಸಂಘದ ಆಹಾರವನ್ನು ಒಂದು ಹಿಡಿಯೂ ತಿಂದಿಲ್ಲ, ತಿಂದಿದ್ದರೆ ಹೀಗಾಗುತ್ತಿರಲಿಲ್ಲ ಎಂದು ಅಧಿಕಾರಿಗೆ ಕೇಳುವಂತೆ ಸಾರಿದರು. ಆ ದಿನ ವೇದಿಕೆಯಲ್ಲಿ ಆಡಿದ ನಿಜವಾದ ಮಾತು ಅದೊಂದೇ ಇರಬೇಕು.

ನಗು ನಿಲ್ಲುವ ಮೊದಲೇ ಹೆಂಡತಿ ಕುರ್ಚಿಯಿಂದ ಎದ್ದಳು. ಚೀಟಿ ವಾಪಸ್ ಕೊಡು ಎಂದು ಯಾರೂ ಕೇಳಿರಲಿಲ್ಲ. ವೇದಿಕೆಗೆ ಹೋಗಿ ಚೀಟಿಯನ್ನು ಮೇಜಿನ ಮೇಲಿಟ್ಟಳು. ಹಾಲು ಹಾಕಿದ ದಿನ ತೆಗೆದುಕೊಳ್ಳುತ್ತೇನೆ ಎಂದು ಅಧ್ಯಕ್ಷರಿಗೆ ಹೇಳಿ, ಕಡಸಿನ ಹಗ್ಗ ಬಿಚ್ಚಿಕೊಂಡು ಗೇಟಿನ ಕಡೆ ನಡೆದಳು.

ಡಾಕ್ಟರಮ್ಮ ಗೇಟಿನವರೆಗೂ ಬಂದು ಊಟದ ನಂತರದ ಪಾಠವನ್ನು ಇಬ್ಬರಿಗೂ ನಿಂತಲ್ಲೇ ಹೇಳಿದರು. ಶಕ್ತಿ ಬೇಕು ನಿಜ, ಆದರೆ ದಿನಕ್ಕೆ ಅರ್ಧ ಕಿಲೋ ಏರಿದರೆ ಸಾಕು. ಮೂಳೆ, ಮಾಂಸ ಬೆಳೆಯಲು ಹಸಿರು ಮೇವು, ಹಿಂಡಿ, ಖನಿಜದ ಪುಡಿ ಬೇಕು, ಬರೀ ನುಚ್ಚು ಮತ್ತು ಕಾಕಂಬಿ ತಿಂದರೆ ಬೆಳೆಯುವುದು ಕೊಬ್ಬು. ಅದು ಒಳಗೆ ತುಂಬಿಕೊಂಡರೆ ಗಬ್ಬ ನಿಲ್ಲುವುದು ಕಷ್ಟ, ಕೆಚ್ಚಲಿನಲ್ಲಿ ಕೂತರೆ ನಾಳೆ ಹಾಲಿಗೆ ಜಾಗವಿರುವುದಿಲ್ಲ. ಇನ್ನೂ ಕಾಲ ಮೀರಿಲ್ಲ, ನಡೆಸಿ, ಇಳಿಸಿ, ಆಮೇಲೆ ನೋಡೋಣ ಎಂದರು.

ಮನೆಗೆ ಬಂದ ಮೇಲೆ ಹೆಂಡತಿ ಒಳ್ಳೆಯ ಬಟ್ಟೆಯನ್ನು ಮಡಿಸಿ ಪೆಟ್ಟಿಗೆಗೆ ಹಾಕಿದಳು. ಪಾಯಿಂಟಣ್ಣ ಬೈಗುಳಕ್ಕೆ ತಯಾರಾಗಿ ಗೋಡೆಗೆ ಒರಗಿ ನಿಂತಿದ್ದ. ಬೈಗುಳ ಬರಲಿಲ್ಲ.

“ಹದಿನಾರು ವರ್ಷ ಕಾದಿದ್ದೆ ರೀ. ಆ ಚೀಟಿ ಹತ್ತು ನಿಮಿಷ ನನ್ನ ಕೈಲಿತ್ತು” ಅಂದಳು.

ಹತ್ತೋ, ಒಂಬತ್ತು ಪಾಯಿಂಟ್ ಎಂಟೋ ಎಂದು ಅವನು ಎಣಿಸಲಿಲ್ಲ. ಅವನಿಗೆ ನಿಜವಾಗಿಯೂ ಬಹಳ ನಾಚಿಕೆಯಾಗಿತ್ತು. ಹಿತ್ತಿಲಿಗೆ ಹೋಗಿ ಗೋಡೆಯ ಪಟ್ಟಿಯನ್ನು ಹರಿದು, ಕಾಕಂಬಿಯ ಡಬ್ಬವನ್ನು ಬೇಕರಿಯವನಿಗೆ ಕೊಟ್ಟುಬಂದ.

ಮರುದಿನ ಬೆಳಿಗ್ಗೆಯಿಂದ ಬೀದಿಗೆ ಒಂದು ಹೊಸ ನೋಟ ಸಿಕ್ಕಿತು. ಹಾಲಿನ ಹೊತ್ತಿಗೆ ಮೊದಲು ಒಂದು ಸುತ್ತು, ಸಂಜೆ ಒಂದು ಸುತ್ತು, ಪಾಯಿಂಟಣ್ಣ ಕಡಸನ್ನು ನಡೆಸುತ್ತಿದ್ದ. ಮೊದಲ ವಾರ ಕಡಸು ಮೂರು ಮನೆ ದಾಟಿ ಕೂತುಬಿಡುತ್ತಿತ್ತು. ಅವನು ಪಕ್ಕದ ಕಟ್ಟೆಯ ಮೇಲೆ ಕೂತು ಅದರ ಮನಸ್ಸು ಬದಲಾಗುವವರೆಗೆ ಕಾಯುತ್ತಿದ್ದ. ಎರಡನೆಯ ತಿಂಗಳಿಗೆ ಅದು ಕೆರೆಯ ದಾರಿ ನೆನಪು ಮಾಡಿಕೊಂಡು ಓಡತೊಡಗಿತು, ಅವನು ಹಗ್ಗದ ತುದಿಯಲ್ಲಿ ಹಾರುತ್ತಾ ಹೋಗುತ್ತಿದ್ದ. ಚಹಾ ಅಂಗಡಿಯವನು ದಿನವೂ ಬಾಗಿಲಿಗೆ ಬಂದು ಎಷ್ಟು ತಿಂಗಳು ಅಣ್ಣ ಎಂದು ವಿಚಾರಿಸುತ್ತಿದ್ದ. ಪಾಯಿಂಟಣ್ಣ ಗೊತ್ತಿಲ್ಲಪ್ಪ ಎನ್ನುತ್ತಿದ್ದ. ಅವನ ಬಾಯಿಂದ ಆ ಮಾತು ಬರುವುದನ್ನು ಕೇಳಲೆಂದೇ ಕೆಲವರು ಇನ್ನೊಂದು ಲೋಟ ಚಹಾ ಹೇಳುತ್ತಿದ್ದರು. ವರ್ಷ ಕಳೆಯುವುದರೊಳಗೆ ಕಡಸಿನ ಬೆನ್ನಿನ ಮೂಳೆ ಕಂಡಿತು, ಪಾಯಿಂಟಣ್ಣನ ಷರಾಯಿ ಸಡಿಲವಾಗಿ ಹೊಲಿಗೆಯ ಅಕ್ಕನ ಹತ್ತಿರ ಎರಡು ಸಲ ಹೋಗಿ ಬಂತು.

ಅತ್ತೆ ಮತ್ತೆ ಬಂದರು. ಕಡಸಿನ ಬಾಲದ ಬುಡ ಹಿಂಡಿ ನೋಡಿ, ಈಗ ಸರಿಯಾಯಿತು ಎಂದು ಮಗಳಿಗೆ ಹೇಳಿದರು. ಆಗಲೇ ಗೊತ್ತಿದ್ದರೆ ನನಗೊಂದು ಮಾತು ಹೇಳಬಾರದಿತ್ತಾ ಅತ್ತೆ ಎಂದು ಪಾಯಿಂಟಣ್ಣ ಕೇಳಿದ. ನಿಮಗೆ ಹೇಳೋದುಂಟೇ ಅಳಿಯಂದ್ರೆ ಎಂದು ಅವರು ತಲೆ ತಗ್ಗಿಸಿ, ಇನ್ನೊಂಚೂರು ಬಡಿಸಿದರು.

ಕಡಸು ಮತ್ತೆ ಕೂಗಿದ ಬೆಳಿಗ್ಗೆ ಹೆಂಡತಿ ಯಾರನ್ನೂ ಕೇಳದೆ ತಾನೇ ಹೋಗಿ ಡಾಕ್ಟರಮ್ಮನನ್ನು ಕರೆತಂದಳು. ಮೂರು ತಿಂಗಳಿಗೆ ಸರಿಯಾಗಿ ಪರೀಕ್ಷೆಯಾಯಿತು. ಗಬ್ಬ ನಿಂತಿದೆ ಎಂದು ಡಾಕ್ಟರಮ್ಮ ಹೇಳಿದಾಗ ಪಾಯಿಂಟಣ್ಣ ಇನ್ನೊಂದು ಸಲ ನೋಡಿ ಎಂದು ಮೂರು ಸಲ ನೋಡಿಸಿದ. ಬೀದಿಗೆ ಮಾತ್ರ ತುಟಿಪಿಟಕ್ಕೆನ್ನಲಿಲ್ಲ. ಗೋಡೆಯಾಚೆಯಿಂದ ಹೊಲಿಗೆಯ ಅಕ್ಕ ಹೊಟ್ಟೆ ಮತ್ತೆ ಬಂದ ಹಾಗಿದೆಯಲ್ಲ ಅಣ್ಣ ಎಂದರೆ, ಗಾಳಿ ಇರಬೇಕು ಎಂದು ಒಳಗೆ ಹೋಗುತ್ತಿದ್ದ. ಆದ್ದರಿಂದ ಒಂದು ದಿನ ಬೆಳಗಾಗುವಷ್ಟರಲ್ಲಿ ಹಿತ್ತಿಲಿನಲ್ಲಿ ಒದ್ದೆ ಮೈಯ ಹೆಣ್ಣುಗರು ಕಾಲೂರಲು ಒದ್ದಾಡುತ್ತಿದ್ದುದನ್ನು ಕಂಡು ಬೀದಿಯವರಿಗೆಲ್ಲ ಆಶ್ಚರ್ಯವಾಯಿತು.

ಮೊದಲ ದಿನಗಳ ಹಾಲು ಕರುವಿಗೆ ಹೋಯಿತು. ಆಮೇಲೊಂದು ಬೆಳಿಗ್ಗೆ ಹಾಲಿನ ಸಾಲಿನಲ್ಲಿ ಪಾಯಿಂಟಣ್ಣನ ಹೆಂಡತಿ ಕ್ಯಾನ್ ಹಿಡಿದು ನಿಂತಿದ್ದಳು. ಒಳ್ಳೆಯ ಬಟ್ಟೆ ಉಟ್ಟಿರಲಿಲ್ಲ, ಕರೆದ ಕೈಯಲ್ಲೇ ಬಂದಿದ್ದಳು. ಮನೆಯವರೆಂದು ಮುಂದೆ ಕರೆಯಬಹುದಿತ್ತು, ಅವನು ಕರೆಯಲಿಲ್ಲ, ಅವಳೂ ಬರಲಿಲ್ಲ. ಹದಿನಾಲ್ಕು ಜನ ಮುಗಿದ ಮೇಲೆ ಅವಳ ಸರದಿ ಬಂತು. ಅಧ್ಯಕ್ಷರು ಒಳಗಿನಿಂದ ಸದಸ್ಯರ ಪುಸ್ತಕವನ್ನು ತಂದು ಅವನ ಮುಂದೆ ತೆರೆದಿಟ್ಟರು. ಪಾಯಿಂಟಣ್ಣ ಹಾಲು ತಿರುವಿ, ಒಂದು ಚೂರು ತೆಗೆದು ಯಂತ್ರಕ್ಕೆ ಬಿಟ್ಟ. ಸಾಲಿನಲ್ಲಿದ್ದವರೆಲ್ಲ ಕತ್ತು ಚಾಚಿದರು.

“ಏಳು ಪಾಯಿಂಟ್ ಎರಡು” ಅಂದ. ಬಹಳ ದಿನದ ಮೇಲೆ ಅವನ ದನಿ ತುಂಬಿ ಬಂದಿತ್ತು. ಪೆನ್ನು ಎತ್ತಿಕೊಂಡ.

ಹೆಂಡತಿ ಪುಸ್ತಕದ ಮೇಲೆ ಅಂಗೈ ಇಟ್ಟಳು.

“ಇನ್ನೊಂದ್ಸಲ ನೋಡಿ.”

“ಯಾಕೆ? ಸರಿಯಾಗೇ ನೋಡಿದೀನಲ್ಲ.”

“ಕೊಬ್ಬಿನ ವಿಷಯದಲ್ಲಿ ನಿಮ್ಮನ್ನ ಒಂದ್ಸಲ ನಂಬಿದೀನಿ ರೀ, ಸಾಕು. ಇನ್ನೊಂದ್ಸಲ ನೋಡಿ.”

ಸಾಲು ನಕ್ಕಿತು, ಅಧ್ಯಕ್ಷರೂ ನಕ್ಕರು. ಪಾಯಿಂಟಣ್ಣ ಯಂತ್ರವನ್ನು ತೊಳೆದು, ಬೇರೆ ಯಾವ ಸದಸ್ಯರಿಗೂ ತೋರಿಸದ ಭಕ್ತಿಯಿಂದ ಮತ್ತೊಂದು ಸಲ ಹಾಲು ಬಿಟ್ಟ. ಅಷ್ಟೇ ಬಂತು, ಏಳು ಪಾಯಿಂಟ್ ಎರಡು. ಅವಳು ಬಗ್ಗಿ ಅಂಕಿಯನ್ನು ತನ್ನ ಕಣ್ಣಿನಿಂದಲೇ ಓದಿ ಖಾತ್ರಿ ಮಾಡಿಕೊಂಡಳು. ಆಮೇಲೆ ಪುಸ್ತಕದ ಮೇಲಿಂದ ಕೈ ತೆಗೆದಳು.

“ಸರಿ. ಈಗ ಬರ್ಕೊಳ್ಳಿ” ಅಂದಳು.